ಕೀಟದ ಡಿಎನ್‌ಎ ಬಾರ್‌ಕೋಡ್ ಕೈಕೊಟ್ಟಾಗ: ಲಕ್ಷಣ ನೋಡಿ ದೋಷ ಹುಡುಕುವ ಕೈಪಿಡಿ

ಬೆಳೆಯಲ್ಲಿ ಸಿಕ್ಕಿದ್ದು ಬರೀ ಮೊಟ್ಟೆ, ಎಳೆಯ ಹುಳು, ಇಲ್ಲವೇ ಬಲೆಗೆ ಅಂಟಿಕೊಂಡ ಮುರಿದ ರೆಕ್ಕೆ. ಕಣ್ಣಲ್ಲಿ ನೋಡಿ ಜಾತಿ ಹೇಳಲು ಆಗುವುದಿಲ್ಲ. ಇಂಥ ಕಡೆ ಡಿಎನ್‌ಎ ಬಾರ್‌ಕೋಡಿಂಗ್ ದೊಡ್ಡ ಆಸರೆ. ಕೀಟದ ಮೈಟೊಕಾಂಡ್ರಿಯಾದಲ್ಲಿರುವ ಸಿಒಐ ಎಂಬ ಜೀನ್‌ನಿಂದ 658 ಅಕ್ಷರಗಳ (ಡಿಎನ್‌ಎಯ ಎ, ಟಿ, ಜಿ, ಸಿ ಎಂಬ ಅಕ್ಷರಗಳು) ಒಂದು ತುಂಡನ್ನು ಓದುತ್ತಾರೆ. ಹೆಸರು ಗೊತ್ತಿರುವ ಕೀಟಗಳ ಅದೇ ತುಂಡಿನ ಜೊತೆ ಹೋಲಿಸುತ್ತಾರೆ. 2003ರಲ್ಲಿ ಕೆನಡಾದ ಗ್ವೆಲ್ಫ್ ವಿಶ್ವವಿದ್ಯಾಲಯದ ಪಾಲ್ ಹೆಬರ್ಟ್ ಮತ್ತು ಸಂಗಡಿಗರು ಈ ದಾರಿಯನ್ನು ಮುಂದಿಟ್ಟರು. ಇವತ್ತಿಗೂ ಕೀಟಗಳ ಮಟ್ಟಿಗೆ ಇದೇ ರೂಢಿಯಲ್ಲಿದೆ.

ಕೆಲಸ ಕೆಟ್ಟಾಗ ಜಾಸ್ತಿ ಜನ ಮೊದಲು ಕೈ ಹಾಕುವುದು ಪಿಸಿಆರ್ ಯಂತ್ರಕ್ಕೆ, ಅಂದರೆ ಆ ತುಂಡನ್ನು ಕೋಟಿಗಟ್ಟಲೆ ನಕಲು ಮಾಡುವ ಯಂತ್ರಕ್ಕೆ. ಆದರೆ ಬಹಳ ಸಲ ದೋಷ ಅದಕ್ಕಿಂತ ಮುಂಚೆಯೇ ಆಗಿರುತ್ತದೆ, ಕೀಟವನ್ನು ಸೀಸೆಗೆ ಹಾಕುವಾಗ. ಇಲ್ಲವೇ ಎಲ್ಲ ಮುಗಿದ ಮೇಲೆ ಆಗುತ್ತದೆ, ಡೇಟಾಬೇಸ್ ಕೊಟ್ಟ ಹೆಸರನ್ನು ಹಾಗೇ ನಂಬಿಬಿಟ್ಟಾಗ. ಎರಡೂ ಕಡೆ ನಿಮ್ಮನ್ನು ಕಾಯುವುದು ಒಂದೇ: ಕೀಟದ ದೇಹ. ಅದು ಕೈಯಲ್ಲಿದ್ದರೆ ಕೆಳಗಿನ ಬಹುಪಾಲು ದೋಷಗಳನ್ನು ಸರಿಮಾಡಬಹುದು. ಪೂರ್ತಿ ಅರೆದು ಹಾಕಿದ್ದರೆ ಸಂಶಯ ಬಂದಾಗ ನೋಡುವುದಕ್ಕೆ ಏನೂ ಉಳಿಯುವುದಿಲ್ಲ.

ಹಾಗಾಗಿ ಪತಂಗವಾದರೆ ಒಂದು ಕಾಲು ಮಾತ್ರ ತೆಗೆಯಿರಿ, ಅಷ್ಟು ಸಾಕು. ಥ್ರಿಪ್ಸ್‌ನಂಥ ಪುಟಾಣಿ ಕೀಟವಾದರೆ ಹೊಟ್ಟೆಗೆ ಸಣ್ಣ ಸೂಜಿಯಿಂದ ಚುಚ್ಚಿ, ಪ್ರೋಟೀನ್ ಕರಗಿಸುವ ಕಿಣ್ವ ಪ್ರೋಟಿನೇಸ್-ಕೆ ಇರುವ ದ್ರಾವಣದಲ್ಲಿ 56 ಡಿಗ್ರಿ ಸೆಲ್ಸಿಯಸ್‌ನಲ್ಲಿ ರಾತ್ರಿಯಿಡೀ ಬಿಡಿ. ಒಳಗಿನ ಮೆದು ಭಾಗ ಕರಗಿ ಡಿಎನ್‌ಎ ದ್ರಾವಣಕ್ಕೆ ಬರುತ್ತದೆ. ಹೊರಚಿಪ್ಪು ತೆಳ್ಳಗೆ, ಪಾರದರ್ಶಕವಾಗಿ ಹಾಗೇ ಉಳಿಯುತ್ತದೆ. ಅದನ್ನು ಸ್ಲೈಡ್ ಮಾಡಿಟ್ಟರೆ ಮೀಸೆಯ ಗೆಣ್ಣು, ಮೈಮೇಲಿನ ಕೂದಲು ಎಲ್ಲವನ್ನೂ ಆಮೇಲೆ ಎಣಿಸಬಹುದು.

ಇನ್ನೊಂದು ಮಾತು. ಪ್ರತಿ ಸುತ್ತಿನಲ್ಲೂ ಮೂರು ಕೊಳವೆಗಳು ಜೊತೆಗಿರಲಿ. ಮೊದಲನೆಯದು, ಹಿಂದೆ ಚೆನ್ನಾಗಿ ಬಂದ ಡಿಎನ್‌ಎ ಹಾಕಿದ ಪಾಸಿಟಿವ್ ಕಂಟ್ರೋಲ್. ಎರಡನೆಯದು, ಕೀಟವನ್ನೇ ಹಾಕದೆ ಡಿಎನ್‌ಎ ತೆಗೆಯುವ ಎಲ್ಲ ಹಂತ ದಾಟಿಸಿದ ಖಾಲಿ ಕೊಳವೆ. ಮೂರನೆಯದು, ಪಿಸಿಆರ್ ಮಿಶ್ರಣಕ್ಕೆ ಬರೀ ನೀರು ಹಾಕಿದ್ದು. ಇವಿಲ್ಲದೆ ಮುಂದಿನ ಯಾವ ಪರೀಕ್ಷೆಗೂ ಅರ್ಥ ಇರುವುದಿಲ್ಲ.

ಲಕ್ಷಣ: ಜೆಲ್‌ನಲ್ಲಿ ಬ್ಯಾಂಡೇ ಇಲ್ಲ

ಪಿಸಿಆರ್ ಆದ ಡಿಎನ್‌ಎಯನ್ನು ಜೆಲ್‌ನಲ್ಲಿ ವಿದ್ಯುತ್ ಹರಿಸಿ ಓಡಿಸಿದಾಗ ಕಾಣುವ ಗೆರೆಯೇ ಬ್ಯಾಂಡ್. ಮೊದಲು ಲ್ಯಾಡರ್ ನೋಡಿ, ಅಂದರೆ ಪಕ್ಕದಲ್ಲಿ ಓಡಿಸಿದ, ಉದ್ದ ಗೊತ್ತಿರುವ ತುಂಡುಗಳ ಅಳತೆಪಟ್ಟಿ. ಲ್ಯಾಡರ್ ಕೂಡ ಕಾಣದಿದ್ದರೆ ನಿಮ್ಮ ಕೀಟದ ತಪ್ಪೇನಿಲ್ಲ. ಬಣ್ಣ ಹಾಕಲು ಮರೆತಿರಬಹುದು, ವಿದ್ಯುತ್ ತಂತಿ ತಿರುಗುಮುರುಗಾಗಿ ಡಿಎನ್‌ಎ ಹಿಂದಕ್ಕೆ ಓಡಿರಬಹುದು, ಬಫರ್ ಹಳತಾಗಿರಬಹುದು.

ಲ್ಯಾಡರ್ ಇದೆ, ಪಾಸಿಟಿವ್ ಕಂಟ್ರೋಲ್ ಇಲ್ಲ ಅಂದರೆ ದೋಷ ಪಿಸಿಆರ್ ಮಿಶ್ರಣದಲ್ಲಿದೆ. ಏನೋ ಒಂದು ಬಿಟ್ಟುಹೋಗಿದೆ, ಇಲ್ಲವೇ ಮತ್ತೆ ಮತ್ತೆ ಕರಗಿಸಿ ಹೆಪ್ಪುಗಟ್ಟಿಸಿ ಯಾವುದೋ ಕೆಟ್ಟಿದೆ. ಹೊಸ ಪ್ರೈಮರ್ (ನಕಲು ಶುರುವಾಗುವ ಜಾಗಕ್ಕೆ ಅಂಟುವ ಚಿಕ್ಕ ಡಿಎನ್‌ಎ ತುಂಡು) ಬಂದಿದ್ದರೆ ಅದನ್ನು ಸರಿಯಾದ ಪ್ರಮಾಣಕ್ಕೆ ತೆಳು ಮಾಡಿದ್ದೀರಾ ನೋಡಿ. ಯಂತ್ರದಲ್ಲಿ ಬೇರೆಯವರ ಪ್ರೋಗ್ರಾಂ ಓಡಿರುವುದೂ ಉಂಟು.

ಪಾಸಿಟಿವ್ ಚೆನ್ನಾಗಿ ಬಂದು ಮಾದರಿ ಮಾತ್ರ ಬರದಿದ್ದರೆ, ಈಗ ಕೀಟದ ಕಡೆ ತಿರುಗಿ. ಖರ್ಚೇ ಇಲ್ಲದ ಪರೀಕ್ಷೆ ಎಂದರೆ ಸಂಗ್ರಹಿಸಿದವರನ್ನು ಕೇಳುವುದು: ಇದನ್ನು ಯಾವುದರಲ್ಲಿ ಇಟ್ಟಿದ್ದಿರಿ? ಫಾರ್ಮಾಲಿನ್ ಎಂದರೆ ಆಸೆ ಕಡಿಮೆ ಮಾಡಿಕೊಳ್ಳಿ, ಅದು ಡಿಎನ್‌ಎಯನ್ನು ಪ್ರೋಟೀನ್‌ಗೆ ಅಂಟಿಸಿ, ಚೂರು ಮಾಡಿಬಿಡುತ್ತದೆ. ಈಥೈಲ್ ಅಸಿಟೇಟ್ ಸೀಸೆಯಲ್ಲಿ ಸಾಯಿಸಿದ ಕೀಟಗಳಲ್ಲೂ ಡಿಎನ್‌ಎ ಕೆಡುತ್ತದೆ. 70 ಶೇಕಡಾ ಆಲ್ಕೋಹಾಲ್ ದೇಹದ ಆಕಾರ ಕಾಪಾಡಲು ಸರಿ, ಡಿಎನ್‌ಎಗೆ ಸಾಲದು. 95 ಶೇಕಡಾ ಅಥವಾ ಅದಕ್ಕಿಂತ ಗಟ್ಟಿ ಎಥನಾಲ್ ಬೇಕು, ಇಡುವುದು ತಣ್ಣಗೆ, ಸಾಧ್ಯವಾದರೆ ಮೈನಸ್ 20 ಡಿಗ್ರಿಯಲ್ಲಿ.

ಇಲ್ಲೇ ಜಾಸ್ತಿ ಜನ ಎಡವುವ ಒಂದು ವಿಷಯವಿದೆ. ದಪ್ಪ ಹುಳುವಿನ ಮೈಯಲ್ಲಿ ತುಂಬಾ ನೀರಿರುತ್ತದೆ. ಹತ್ತು ಹುಳುಗಳನ್ನು ಒಂದೇ ಸಣ್ಣ ಸೀಸೆಗೆ ತುರುಕಿದರೆ ಆ ನೀರು ಹೊರಬಂದು ಎಥನಾಲ್ ತೆಳುವಾಗುತ್ತದೆ. ಲೇಬಲ್ ಮೇಲೆ 95 ಎಂದಿರುತ್ತದೆ, ಒಳಗಿರುವುದು ಅದಲ್ಲ. ದ್ರವ ಕಂದು ಬಣ್ಣಕ್ಕೆ ತಿರುಗಿ, ಹುಳು ಮೆತ್ತಗೆ ಕಪ್ಪಾಗಿದ್ದರೆ ಒಳಗಡೆ ಕೊಳೆತಿದೆ ಎಂದೇ ಅರ್ಥ. ಕೀಟ ಒಂದು ಪಾಲಿದ್ದರೆ ಎಥನಾಲ್ ಹತ್ತು ಪಾಲಿರಲಿ, ಒಂದು ದಿನದ ನಂತರ ಹಳೆಯದನ್ನು ಚೆಲ್ಲಿ ಹೊಸದನ್ನು ತುಂಬಿ.

ಸಂಗ್ರಹ ಸರಿಯಾಗಿದ್ದರೂ ಬ್ಯಾಂಡ್ ಇಲ್ಲವೇ? ಡಿಎನ್‌ಎಯನ್ನು ಹತ್ತು ಪಟ್ಟು ತೆಳು ಮಾಡಿ ಮತ್ತೆ ಓಡಿಸಿ. ಕೇಳಲು ತಮಾಷೆ ಎನಿಸಬಹುದು, ಆದರೆ ಎಷ್ಟೋ ಸಲ ಇಷ್ಟಕ್ಕೇ ಬ್ಯಾಂಡ್ ಬರುತ್ತದೆ. ಕೀಟದ ಬಣ್ಣದ ವಸ್ತು, ಹೊಟ್ಟೆಯಲ್ಲಿದ್ದ ಎಲೆಯ ಫೀನಾಲ್‌ಗಳು, ಸಕ್ಕರೆಯಂಥ ಅಂಟು, ಇವೆಲ್ಲ ಪಿಸಿಆರ್ ಕಿಣ್ವವನ್ನು ತಡೆಯುತ್ತವೆ. ತೆಳು ಮಾಡಿದಾಗ ಈ ತಡೆಯೂ ತೆಳುವಾಗುತ್ತದೆ. ಖಚಿತ ಮಾಡಿಕೊಳ್ಳಬೇಕೆಂದರೆ ಪಾಸಿಟಿವ್ ಕಂಟ್ರೋಲ್ ಕೊಳವೆಗೆ ನಿಮ್ಮ ಮಾದರಿಯ ಒಂದು ಮೈಕ್ರೋಲೀಟರ್ ಸೇರಿಸಿ ಓಡಿಸಿ. ಚೆನ್ನಾಗಿ ಬರುತ್ತಿದ್ದ ಪಾಸಿಟಿವ್ ಕೂಡ ಸತ್ತುಹೋದರೆ ಮಾದರಿಯಲ್ಲಿ ತಡೆಯಿದೆ. ಆಗ ಮಿಶ್ರಣಕ್ಕೆ ಬಿಎಸ್‌ಎ ಎಂಬ ಪ್ರೋಟೀನ್ ಸೇರಿಸಿ, ಇಲ್ಲವೇ ಡಿಎನ್‌ಎಯನ್ನು ಕಾಲಮ್‌ನಲ್ಲಿ ಇನ್ನೊಮ್ಮೆ ಶುದ್ಧ ಮಾಡಿ. ಮುಂದಿನ ಸಲ ಹುಳುವಿನ ಹೊಟ್ಟೆ ಭಾಗ ಬಿಟ್ಟು ಕಾಲನ್ನೋ ತಲೆಯ ಸ್ನಾಯುವನ್ನೋ ತೆಗೆದುಕೊಳ್ಳಿ.

ಬೆಳಕಿನಿಂದ ಡಿಎನ್‌ಎ ಅಳೆಯುವ ನ್ಯಾನೊಡ್ರಾಪ್ ಯಂತ್ರದಲ್ಲಿ ಒಳ್ಳೆಯ ಅಂಕಿ ಬಂತು ಎಂದು ಸಮಾಧಾನ ಪಡಬೇಡಿ. 260/280 ಅನುಪಾತ 1.8ರ ಆಸುಪಾಸಿದ್ದರೆ ಪ್ರೋಟೀನ್ ಕಡಿಮೆ ಎಂದಷ್ಟೇ ಅರ್ಥ. 260/230 ತೀರಾ ಇಳಿದಿದ್ದರೆ ಉಪ್ಪು, ಫೀನಾಲ್ ಉಳಿದಿದೆ. ಅಳೆದದ್ದು ಕೀಟದ ಡಿಎನ್‌ಎಯೋ ಅದರ ಮೈಯಲ್ಲಿದ್ದ ಬ್ಯಾಕ್ಟೀರಿಯಾದ್ದೋ ಎಂದು ಆ ಯಂತ್ರ ಹೇಳುವುದಿಲ್ಲ.

ಕೊನೆಗೆ ಪ್ರೈಮರ್ ಮೇಲೆ ಅನುಮಾನ. ಎಲ್ಲರೂ ಬಳಸುವ ಎಲ್‌ಸಿಒ1490 ಮತ್ತು ಎಚ್‌ಸಿಒ2198 ಜೋಡಿ 1994ರಲ್ಲಿ ಫೋಲ್ಮರ್ ತಂಡ ರೂಪಿಸಿದ್ದು. ಬಹಳಷ್ಟು ಕೀಟಗಳಿಗೆ ಹೊಂದುತ್ತದೆ, ಎಲ್ಲಕ್ಕೂ ಅಲ್ಲ. ಹಿಟ್ಟು ತಿಗಣೆ ಮತ್ತು ಶಲ್ಕ ಕೀಟಗಳಲ್ಲಿ ಇದು ಕೈಕೊಡುವುದು ಮಾಮೂಲು. ಅದೇ ಡಿಎನ್‌ಎ ಮೇಲೆ 28ಎಸ್ ಜೀನ್‌ನ ಪ್ರೈಮರ್ ಓಡಿಸಿ ನೋಡಿ. 28ಎಸ್ ಬಂದು ಸಿಒಐ ಬರಲಿಲ್ಲ ಎಂದರೆ ಡಿಎನ್‌ಎ ಚೆನ್ನಾಗಿದೆ, ಪ್ರೈಮರ್ ಕೂರುತ್ತಿಲ್ಲ. ಹಿಟ್ಟು ತಿಗಣೆಗೆ ಪಿಸಿಒ-ಎಫ್1, ಪತಂಗದ ಗುಂಪಿಗೆ ಲೆಪ್-ಎಫ್1 ಮತ್ತು ಲೆಪ್-ಆರ್1 ಇವೆ. ಹಿಟ್ಟು ತಿಗಣೆಯ ಮೈಮೇಲಿನ ಮೇಣವೂ ಕಾಟ ಕೊಡುತ್ತದೆ. ಬಿಳಿ ಪುಡಿ ಹೊದ್ದ ತಿಗಣೆಯನ್ನು ದ್ರಾವಣಕ್ಕೆ ಹಾಕಿದರೆ ಅದು ಒದ್ದೆಯಾಗದೆ ಮೇಲೆ ತೇಲುತ್ತಲೇ ಇರುತ್ತದೆ. ಮೊದಲು ಎಥನಾಲ್‌ನಲ್ಲಿ ತೊಳೆದು ಮೇಣ ಬಿಡಿಸಿ.

ವರ್ಷಗಟ್ಟಲೆ ಪಿನ್ನಿಗೆ ಚುಚ್ಚಿಟ್ಟ ಒಣ ಕೀಟ, ಇಲ್ಲವೇ ಬಿಸಿಲಲ್ಲಿ ವಾರಗಟ್ಟಲೆ ನೇತಾಡಿದ ಮೋಹಕ ಬಲೆಯ ಪತಂಗವಾದರೆ ಡಿಎನ್‌ಎ ಚೂರುಚೂರಾಗಿರುತ್ತದೆ. 658 ಅಕ್ಷರ ಒಟ್ಟಿಗೆ ಬರುವುದಿಲ್ಲ. 130ರಿಂದ 300 ಅಕ್ಷರಗಳ ಮಿನಿ ಬಾರ್‌ಕೋಡ್‌ಗೆ ಹೋಗಿ. ಎಷ್ಟೋ ಜಾತಿಗಳನ್ನು ಬೇರೆ ಮಾಡಲು ಅಷ್ಟೇ ಸಾಕು.

ತೆಳು ಮಾಡಿ, ಬಿಎಸ್‌ಎ ಹಾಕಿ, ಪ್ರೈಮರ್ ಬದಲಿಸಿ, ಚಿಕ್ಕ ತುಂಡೂ ನೋಡಿ ಏನೂ ಬರದಿದ್ದರೆ ಅಲ್ಲಿಗೆ ನಿಲ್ಲಿಸಿ. ಅದೇ ಡಿಎನ್‌ಎ ಮೇಲೆ ಸುಮ್ನೆ ಸುತ್ತಿನ ಮೇಲೆ ಸುತ್ತು ಓಡಿಸುವುದಕ್ಕಿಂತ ಹೊಸ ಕೀಟ ತರಿಸುವುದು ಅಗ್ಗ.

ಲಕ್ಷಣ: ಬ್ಯಾಂಡ್ ಮಂಕು, ಇಲ್ಲವೇ ಉದ್ದಕ್ಕೂ ಹರಡಿದೆ

ಪ್ರೈಮರ್ ಸೇರಿ ಬರಬೇಕಾದ ತುಂಡು ಸುಮಾರು 710 ಬೇಸ್ ಜೋಡಿ ಉದ್ದ. ಬ್ಯಾಂಡ್ ಅಲ್ಲೇ ಇದ್ದು ಮಂಕಾಗಿದ್ದರೆ ಪ್ರೈಮರ್ ಅಂಟುವ ಉಷ್ಣತೆ ಇಳಿಸಿ. ಮೊದಲ 5 ಸುತ್ತು 45 ಡಿಗ್ರಿ, ಆಮೇಲೆ 35 ಸುತ್ತು 51 ಡಿಗ್ರಿ ಎಂಬ ಎರಡು ಹಂತದ ಕ್ರಮ ಕೀಟಗಳಿಗೆ ಚೆನ್ನಾಗಿ ಒಗ್ಗುತ್ತದೆ. 100ಕ್ಕಿಂತ ಕೆಳಗೆ ಕಾಣುವ ಬ್ಯಾಂಡ್ ಪ್ರೈಮರ್‌ಗಳೇ ಒಂದಕ್ಕೊಂದು ಅಂಟಿಕೊಂಡದ್ದು, ಅದನ್ನು ಲೆಕ್ಕಕ್ಕೆ ತಗೋಬೇಡಿ. ಉದ್ದಕ್ಕೂ ಹರಡಿದ ಮಸಿಯಂಥ ಗೆರೆ ಇದ್ದರೆ ಡಿಎನ್‌ಎ ಜಾಸ್ತಿ ಹಾಕಿದ್ದೀರಿ, ಇಲ್ಲವೇ ಸುತ್ತುಗಳು ಜಾಸ್ತಿ ಆಗಿವೆ. ಎರಡು ಸ್ಪಷ್ಟ ಬ್ಯಾಂಡ್ ಬಂದರೆ ಉಷ್ಣತೆ ಒಂದೆರಡು ಡಿಗ್ರಿ ಏರಿಸಿ. ಆದರೂ ಎರಡೇ ಉಳಿದರೆ ಸರಿಯಾದ ಅಳತೆಯದ್ದನ್ನು ಜೆಲ್‌ನಿಂದ ಕತ್ತರಿಸಿ ತೆಗೆಯಿರಿ.

ಲಕ್ಷಣ: ನೀರು ಹಾಕಿದ ಕೊಳವೆಯಲ್ಲೂ ಬ್ಯಾಂಡ್ ಬಂದಿದೆ

ಇಲ್ಲಿ ರಾಜಿ ಬೇಡ. ಆ ಸುತ್ತಿನ ಯಾವ ಫಲಿತಾಂಶವನ್ನೂ ಬಳಸಬೇಡಿ, ಬ್ಯಾಂಡ್ ಎಷ್ಟೇ ಮಂಕಾಗಿರಲಿ.

ಯಾವ ಖಾಲಿ ಕೊಳವೆಯಲ್ಲಿ ಬಂತು ನೋಡಿ. ಡಿಎನ್‌ಎ ತೆಗೆಯುವ ಹಂತದ ಖಾಲಿಯಲ್ಲಿ ಮಾತ್ರ ಬಂದಿದ್ದರೆ ಆ ಬಫರ್, ಚಿಮಟ, ಕತ್ತರಿ ಕಾರಣ. ಪಿಸಿಆರ್ ಖಾಲಿಯಲ್ಲೂ ಬಂದಿದ್ದರೆ ನೀರು, ಪ್ರೈಮರ್, ಪಿಪೆಟ್. ಪ್ರೈಮರ್ ಮತ್ತು ನೀರಿನ ಹೊಸ ಕೊಳವೆ ತೆರೆಯುವುದು ಅತ್ಯಂತ ಅಗ್ಗದ ಪರಿಹಾರ. ಅದಕ್ಕೆಂದೇ ಅವನ್ನು ಸಣ್ಣ ಸಣ್ಣ ಪಾಲು ಮಾಡಿಟ್ಟಿರಬೇಕು. ಪಿಸಿಆರ್ ಮುಗಿದ ಕೊಳವೆಯನ್ನು ಮಿಶ್ರಣ ಮಾಡುವ ಮೇಜಿನ ಮೇಲೆ ಎಂದೂ ತೆರೆಯಬೇಡಿ. ಒಂದು ಹನಿಯಲ್ಲಿ ಕೋಟಿಗಟ್ಟಲೆ ಪ್ರತಿಗಳಿರುತ್ತವೆ, ಗಾಳಿಯಲ್ಲೇ ಹರಡುತ್ತವೆ.

ಪ್ರತಿ ಕೀಟಕ್ಕೂ ಚಿಮಟವನ್ನು ಸ್ವಚ್ಛ ಮಾಡಿ. ಮೇಜು ಒರೆಸಲು ಬ್ಲೀಚ್ ಒಳ್ಳೆಯದು. ಆದರೆ ಜೋಕೆ: ಡಿಎನ್‌ಎ ತೆಗೆಯುವ ಕಿಟ್‌ಗಳ ಬಫರ್‌ನಲ್ಲಿ ಗ್ವಾನಿಡಿನ್ ಲವಣ ಇರುತ್ತದೆ. ಅದು ಚೆಲ್ಲಿದ ಜಾಗಕ್ಕೆ ಅಥವಾ ಅದರ ತ್ಯಾಜ್ಯದ ಡಬ್ಬಿಗೆ ಬ್ಲೀಚ್ ಹಾಕಿದರೆ ವಿಷಾನಿಲ ಏಳುತ್ತದೆ. ಮೊದಲು ನೀರು ಮತ್ತು ಸೋಪಿನಲ್ಲಿ ಒರೆಸಿ ತೆಗೆಯಿರಿ.

ಖಾಲಿ ಕೊಳವೆ ಸ್ವಚ್ಛವಾಗಿದ್ದೂ ಬೇರೆ ಬೇರೆ ಬೆಳೆಯಿಂದ ಬಂದ ಕೀಟಗಳೆಲ್ಲ ಒಂದೇ ಅಕ್ಷರಮಾಲೆ ಕೊಡುತ್ತಿವೆಯೇ? ಆಗಲೂ ಬೆರಕೆಯನ್ನೇ ಮೊದಲು ಶಂಕಿಸಿ. ಅದು ನಿಮ್ಮ ಪಾಸಿಟಿವ್ ಕಂಟ್ರೋಲ್‌ನ ಅಕ್ಷರಮಾಲೆಯೇ ಆಗಿರಬಹುದು. ಅದಕ್ಕೇ ಪಾಸಿಟಿವ್‌ಗೆ ನೀವು ಸಾಮಾನ್ಯವಾಗಿ ಪರೀಕ್ಷಿಸದ ಗುಂಪಿನ ಕೀಟವನ್ನು ಇಟ್ಟುಕೊಳ್ಳುವುದು ಜಾಣತನ.

ಲಕ್ಷಣ: ಬ್ಯಾಂಡ್ ಚೆನ್ನಾಗಿದೆ, ಆದರೆ ಸೀಕ್ವೆನ್ಸ್ ಗಲೀಜು

ಸೀಕ್ವೆನ್ಸ್, ಅಂದರೆ ಓದಿ ಬಂದ ಅಕ್ಷರಮಾಲೆ, ಕೈಗೆ ಬಂದಾಗ ಅಕ್ಷರಗಳ ಕಡತವನ್ನಷ್ಟೇ ನೋಡಬೇಡಿ, ಬಣ್ಣದ ಪೀಕ್‌ಗಳ ಚಿತ್ರ ತೆರೆಯಿರಿ. ದೋಷ ಯಾವುದು ಎಂದು ಆ ಚಿತ್ರವೇ ಹೇಳುತ್ತದೆ.

ಶುರುವಿನ 30–40 ಅಕ್ಷರ ಕಲಸಿಹೋಗಿರುವುದು ಸಹಜ. ಅವನ್ನು ಕತ್ತರಿಸಿ, ಇನ್ನೊಂದು ದಿಕ್ಕಿನ ಓದು ಆ ಜಾಗವನ್ನು ತುಂಬುತ್ತದೆ. ಎರಡೂ ದಿಕ್ಕಿನಿಂದ ಓದಿಸಿ ಎಂದು ಹೇಳುವುದು ಇದಕ್ಕೇ. ಎಲ್ಲ ಪೀಕ್‌ಗಳೂ ಗಿಡ್ಡವಾಗಿ, ತಳದಲ್ಲಿ ಗದ್ದಲ ಇದ್ದರೆ ಡಿಎನ್‌ಎ ಕಡಿಮೆ ಹೋಗಿದೆ ಅಥವಾ ಶುದ್ಧೀಕರಣ ಸರಿಯಾಗಿಲ್ಲ. ಎತ್ತರವಾಗಿ ಶುರುವಾಗಿ ಬೇಗ ಕುಸಿದರೆ ಡಿಎನ್‌ಎ ಜಾಸ್ತಿಯಾಗಿದೆ ಅಥವಾ ಉಪ್ಪು ಉಳಿದಿದೆ.

ಒಂದು ಹಂತದವರೆಗೆ ಕನ್ನಡಿಯಂತೆ ಸ್ವಚ್ಛ, ಅಲ್ಲಿಂದ ಮುಂದೆ ಎಲ್ಲ ಕಲಸುಮೇಲೋಗರ. ಆ ಜಾಗದ ಸ್ವಲ್ಪ ಹಿಂದೆ ನೋಡಿ, ಸಾಮಾನ್ಯವಾಗಿ ಒಂದೇ ಅಕ್ಷರ, ಬಹುಪಾಲು ಟಿ, ಎಂಟು ಹತ್ತು ಸಲ ಸಾಲಾಗಿ ಬಂದಿರುತ್ತದೆ. ಕೀಟಗಳ ಈ ಜೀನ್‌ನಲ್ಲಿ ಎ ಮತ್ತು ಟಿ ಅಕ್ಷರಗಳೇ ತುಂಬಿರುತ್ತವೆ. ಉದ್ದ ಸಾಲು ಬಂದಾಗ ಕಿಣ್ವ ಜಾರಿ, ಕೆಲವು ಪ್ರತಿಗಳಲ್ಲಿ ಒಂದು ಟಿ ಕಡಿಮೆ, ಕೆಲವದರಲ್ಲಿ ಒಂದು ಜಾಸ್ತಿ ಆಗುತ್ತದೆ. ಅಲ್ಲಿಂದ ಮುಂದೆ ಎಲ್ಲವೂ ಒಂದರ ಮೇಲೊಂದು ಬೀಳುತ್ತವೆ. ಮತ್ತೆ ಅದೇ ದಿಕ್ಕಿನಲ್ಲಿ ಓದಿಸಿ ಪ್ರಯೋಜನವಿಲ್ಲ. ಎದುರು ದಿಕ್ಕಿನಿಂದ ಆ ಸಾಲಿನವರೆಗೆ ಓದಿ ಎರಡನ್ನೂ ಹೊಂದಿಸಿ.

ಮೊದಲಿನಿಂದ ಕೊನೆಯವರೆಗೂ ಅಲ್ಲಲ್ಲಿ ಎರಡೆರಡು ಪೀಕ್ ಇದ್ದರೆ ಕೊಳವೆಯಲ್ಲಿ ಎರಡು ಬಗೆಯ ಡಿಎನ್‌ಎ ಇದೆ. ಐದಾರು ಸಸ್ಯ ಹೇನುಗಳನ್ನು ಸೇರಿಸಿ ಅರೆದಿದ್ದೀರಾ? ಹಾಗಿದ್ದರೆ ಒಂದೇ ಒಂದು ಹೇನಿನಿಂದ ಮತ್ತೆ ಶುರು ಮಾಡಿ. ಒಂದೇ ಕೀಟದಿಂದ ತೆಗೆದಿದ್ದರೂ ಹೀಗೇ ಬಂದರೆ ಒಳಗೆ ಪರಾವಲಂಬಿ ಇರಬಹುದು, ಇಲ್ಲವೇ ಮುಂದೆ ಹೇಳುವ ನಕಲಿ ಜೀನ್ ಇರಬಹುದು. ಎರಡು ಪೀಕ್ ಇರುವ ಕಡೆ ಎತ್ತರದ್ದನ್ನು ಆರಿಸಿ ಸ್ವಚ್ಛ ಸೀಕ್ವೆನ್ಸ್ ಮಾಡಿಬಿಡುವ ಚಟ ಬಿಡಬೇಕು. ಹಾಗೆ ಹೊಲಿದ ಅಕ್ಷರಮಾಲೆ ಲೋಕದ ಯಾವ ಕೀಟದ್ದೂ ಆಗಿರುವುದಿಲ್ಲ.

ಲಕ್ಷಣ: ಸೀಕ್ವೆನ್ಸ್ ಸ್ವಚ್ಛ, ಆದರೆ ಪ್ರೋಟೀನ್ ಆಗಿ ಓದಿದರೆ ನಡುವೆ ನಿಂತುಬಿಡುತ್ತದೆ

ಓದು ನಿಲ್ಲಿಸು ಎನ್ನುವ ಮೂರಕ್ಷರ, ಅಂದರೆ ಸ್ಟಾಪ್ ಕೋಡಾನ್, ಬಂತು ಎಂದು ಗಾಬರಿಯಾಗುವ ಮುಂಚೆ ಎರಡು ವಿಷಯ ನೋಡಿ, ಒಂದು ಪೈಸೆ ಖರ್ಚಿಲ್ಲ. ಸಾಫ್ಟ್‌ವೇರ್‌ನಲ್ಲಿ ಅಕಶೇರುಕ ಮೈಟೊಕಾಂಡ್ರಿಯಾದ ಸಂಕೇತ ಪಟ್ಟಿ, ಅಂದರೆ 5ನೇ ಪಟ್ಟಿ, ಆರಿಸಿದ್ದೀರಾ? ಸಾಮಾನ್ಯ ಪಟ್ಟಿಯಲ್ಲಿ ಟಿಜಿಎ ಎಂದರೆ ನಿಲ್ಲು ಎಂದರ್ಥ, ಕೀಟದ ಮೈಟೊಕಾಂಡ್ರಿಯಾದಲ್ಲಿ ಅದು ಟ್ರಿಪ್ಟೊಫಾನ್ ಎಂಬ ಅಮೈನೊ ಆಮ್ಲ. ಎರಡನೆಯದು, ಓದು ಶುರುವಾಗುವ ಜಾಗ. 658 ಅಕ್ಷರಗಳ ತುಂಡಿನಲ್ಲಿ ಮೊದಲ ಅಕ್ಷರ ಬಿಟ್ಟು ಎರಡನೆಯದರಿಂದ ಮೂರು ಮೂರಾಗಿ ಓದಬೇಕು. ಆಗ ಸರಿಯಾಗಿ 219 ಅಮೈನೊ ಆಮ್ಲ ಬರುತ್ತವೆ.

ಎರಡೂ ಸರಿಯಿದ್ದು ಟಿಎಎ ಅಥವಾ ಟಿಎಜಿ ನಡುವೆ ಬಂದರೆ, ಅಥವಾ ಉದ್ದ ಒಂದೆರಡು ಅಕ್ಷರ ಹೆಚ್ಚುಕಡಿಮೆ ಇದ್ದರೆ, ಆ ಜಾಗದ ಪೀಕ್ ಮತ್ತೆ ನೋಡಿ. ಓದುವ ತಪ್ಪಾಗಿದ್ದರೆ ಅಲ್ಲೇ ಕಾಣುತ್ತದೆ. ಪೀಕ್ ನಿಚ್ಚಳವಾಗಿದ್ದರೆ ನಿಮಗೆ ಸಿಕ್ಕಿರುವುದು ನಕಲಿ. ಹಿಂದೆಂದೋ ಮೈಟೊಕಾಂಡ್ರಿಯಾದ ಜೀನ್‌ನ ಒಂದು ನಕಲು ಜೀವಕೋಶದ ನ್ಯೂಕ್ಲಿಯಸ್‌ಗೆ ಸೇರಿ, ಕೆಲಸವಿಲ್ಲದೆ ಕೆಟ್ಟುಹೋಗಿ ಅಲ್ಲೇ ಉಳಿದಿದೆ. ಇದನ್ನು ನ್ಯೂಮ್ಟ್ ಎನ್ನುತ್ತಾರೆ. ಮಿಡತೆಗಳಲ್ಲಿ ಇದು ಬಹಳ. ಕೆಲವು ನಕಲಿಗಳಲ್ಲಿ ಸ್ಟಾಪ್ ಕೋಡಾನ್ ಇರುವುದೇ ಇಲ್ಲ, ಅವು ಇನ್ನೂ ಅಪಾಯ. ಒಂದೇ ಜಾತಿಯೊಳಗೆ ಅಸಹಜ ವ್ಯತ್ಯಾಸ ಕಂಡಾಗ ಇದನ್ನೂ ನೆನಪಿಡಿ. ಮೈಟೊಕಾಂಡ್ರಿಯಾ ತುಂಬಿರುವ ಸ್ನಾಯುವಿನಿಂದ ಡಿಎನ್‌ಎ ತೆಗೆಯುವುದು, ಬೇರೆ ಪ್ರೈಮರ್ ಜೋಡಿ ಬಳಸುವುದು, ಇನ್ನೂ ಉದ್ದದ ತುಂಡು ಪಡೆಯುವುದು ಇದಕ್ಕಿರುವ ದಾರಿಗಳು.

ಲಕ್ಷಣ: ಕೈಯಲ್ಲಿರುವುದು ಹೇನು, ಬಂದ ಹೆಸರು ಕಣಜ

ಇದು ನಿಜಕ್ಕೂ ಖುಷಿ ಕೊಡುವ ದೋಷ. ಹೇನಿನ ಹೊಟ್ಟೆಯೊಳಗೆ ಪರಾವಲಂಬಿ ಕಣಜದ ಮರಿ ಬೆಳೆಯುತ್ತಿತ್ತು, ಪ್ರೈಮರ್ ಅದನ್ನೇ ಹಿಡಿದಿದೆ. ಉಳಿಸಿಟ್ಟ ಹೇನುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ. ಮೈ ಉಬ್ಬಿ, ಕಾಗದದಂತೆ ಬಿರುಸಾಗಿ, ಕಂದು ಬಣ್ಣಕ್ಕೆ ತಿರುಗಿದ್ದರೆ ಕಣಜ ಒಳಗಿದೆ. ಬೆಳೆಗೆ ಇದು ಒಳ್ಳೆಯ ಸುದ್ದಿ, ದಾಖಲಿಸಿಡಿ. ಹೇನಿನ ಹೆಸರಿಗೆ ಆರೋಗ್ಯವಾಗಿ ಕಾಣುವ ಇನ್ನೊಂದನ್ನು ಆರಿಸಿ, ಇಲ್ಲವೇ ಕಾಲಿನಿಂದ ಮಾತ್ರ ಡಿಎನ್‌ಎ ತೆಗೆಯಿರಿ.

ಬಂದ ಹೆಸರು ವುಲ್ಬಾಕಿಯಾ ಅಥವಾ ಬೇರೆ ಬ್ಯಾಕ್ಟೀರಿಯಾ ಆಗಿದ್ದರೆ, ಕೀಟದ ಜೀವಕೋಶದೊಳಗೆ ವಾಸಿಸುವ ಜೀವಿಯ ಜೀನ್ ಬಂದಿದೆ. ನಿಮ್ಮ ಕೀಟದ ಗುಂಪಿಗೇ ಮಾಡಿದ ಪ್ರೈಮರ್ ಬಳಸಿ. ಮನುಷ್ಯನ ಹೆಸರು ಬಂದರೆ ಕೈಗವಸು, ಪಿಪೆಟ್ ಶಿಸ್ತು ನೋಡಿಕೊಳ್ಳಿ. ಪರಭಕ್ಷಕ ಕೀಟದಲ್ಲಿ ಅದು ತಿಂದ ಬೇಟೆಯ ಹೆಸರು ಬರುವುದೂ ಉಂಟು.

ಲಕ್ಷಣ: ಡೇಟಾಬೇಸ್ ಹೆಸರೇ ಕೊಡುತ್ತಿಲ್ಲ

ಪ್ರೈಮರ್‌ನ ಅಕ್ಷರಗಳನ್ನು ಕತ್ತರಿಸಿದ್ದೀರಾ ನೋಡಿ. ಅವು ಕೀಟದವಲ್ಲ, ನೀವು ಹಾಕಿದವು. ಅಕ್ಷರಮಾಲೆ ತಿರುಗುಮುರುಗಾಗಿದೆಯೇ ನೋಡಿ. ಆಮೇಲೆ ಹೋಲಿಕೆಯ ಶೇಕಡಾ ಜೊತೆಗೆ ಎಷ್ಟು ಉದ್ದಕ್ಕೆ ಹೋಲಿಕೆಯಾಗಿದೆ ಎಂಬುದನ್ನೂ ನೋಡಿ. 150 ಅಕ್ಷರಕ್ಕೆ ಮಾತ್ರ 99 ಶೇಕಡಾ ಹೋಲಿಕೆ ಎಂದರೆ ಅದು ಪೂರ್ತಿ ಉತ್ತರ ಅಲ್ಲ, ಅಲ್ವಾ?

ಬಿಳಿ ನೊಣದವರು ಇಲ್ಲಿ ವಿಶೇಷವಾಗಿ ಗಮನಿಸಬೇಕು. ಬೆಮಿಸಿಯಾ ಟಬಾಸಿ ಗುಂಪಿನ ಹೆಚ್ಚಿನ ಕೆಲಸ ನಡೆದಿರುವುದು ಇದೇ ಸಿಒಐ ಜೀನ್‌ನ ಇನ್ನೊಂದು ತುದಿಯಲ್ಲಿ. ಪ್ರೈಮರ್ ಹೆಸರುಗಳಲ್ಲೇ ಇದು ಕಾಣುತ್ತದೆ. ಬಾರ್‌ಕೋಡ್ ತುಂಡು 1490ರಿಂದ 2198ರವರೆಗೆ. ಬಿಳಿ ನೊಣಕ್ಕೆ ಬಳಸುವ ಸಿ1-ಜೆ-2195 ಮತ್ತು ಎಲ್2-ಎನ್-3014 ಜೋಡಿಯದು 2195ರಿಂದ 3014ರವರೆಗೆ. ಒಂದು ಮುಗಿದ ಕಡೆ ಇನ್ನೊಂದು ಶುರು. ಎರಡನ್ನೂ ಹೋಲಿಸಿದರೆ ಏನೂ ಹೊಂದುವುದಿಲ್ಲ. ನಿಮ್ಮ ಕೀಟದ ಮೇಲೆ ಹಿಂದೆ ಕೆಲಸ ಮಾಡಿದವರು ಯಾವ ತುಂಡು ಬಳಸಿದ್ದಾರೆ ಎಂದು ಮೊದಲೇ ನೋಡಿಕೊಳ್ಳಿ.

ಇದೆಲ್ಲ ಸರಿಯಿದ್ದೂ ಹತ್ತಿರದ ಹೋಲಿಕೆ 92 ಶೇಕಡಾಕ್ಕೆ ನಿಂತರೆ, ಆ ಜಾತಿ ಇನ್ನೂ ಡೇಟಾಬೇಸ್‌ಗೆ ಸೇರಿಲ್ಲ ಎಂಬುದು ಎಲ್ಲಕ್ಕಿಂತ ಸಂಭವನೀಯ. ಪಟ್ಟಿಯ ಮೊದಲ ಹೆಸರನ್ನು ಬರೆದುಕೊಂಡು ಹೋಗಬೇಡಿ. ಅಬ್ಬಬ್ಬಾ ಎಂದರೆ ಕುಟುಂಬದ ಹೆಸರು ಹೇಳಬಹುದು. ದೇಹವನ್ನು ಆ ಗುಂಪಿನ ತಜ್ಞರಿಗೆ ತೋರಿಸಿ.

ಲಕ್ಷಣ: ಒಂದೇ ಸೀಕ್ವೆನ್ಸ್‌ಗೆ ಮೂರು ಹೆಸರು, ಎಲ್ಲವೂ 100 ಶೇಕಡಾ

ಜೆನ್‌ಬ್ಯಾಂಕ್ ಎಂಬ ಸಾರ್ವಜನಿಕ ಡೇಟಾಬೇಸ್‌ನಲ್ಲಿ ಹೆಸರು ಕೊಡುವವರು ಸೀಕ್ವೆನ್ಸ್ ಸಲ್ಲಿಸಿದವರೇ. ಅವರು ತಪ್ಪಾಗಿ ಗುರುತಿಸಿದ್ದರೆ ತಪ್ಪು ಹೆಸರೇ ಉಳಿಯುತ್ತದೆ. ಹಾಗಾಗಿ ಮೊದಲ ಸಾಲಿಗೆ ನಿಲ್ಲದೆ ಕೆಳಗೆ ಇಳಿದು ನೋಡಿ. ಬೇರೆ ಬೇರೆ ಪ್ರಯೋಗಾಲಯಗಳ ದಾಖಲೆಗಳು ಒಂದೇ ಹೆಸರು ಹೇಳುತ್ತಿವೆಯೇ? ಸಂರಕ್ಷಿಸಿಟ್ಟ ಮಾದರಿಯ ಸಂಖ್ಯೆ ಇದೆಯೇ? ಗುರುತಿಸಿದವರು ಆ ಗುಂಪಿನ ತಜ್ಞರೇ? ಬೋಲ್ಡ್ ಡೇಟಾಬೇಸ್‌ನಲ್ಲಿ ಚಿತ್ರ, ಸಂಗ್ರಹಿಸಿದ ಸ್ಥಳ, ಪೀಕ್‌ಗಳ ಕಡತವೂ ಸಿಗುವುದರಿಂದ ಪರೀಕ್ಷೆ ಸುಲಭ. ಇಪ್ಪತ್ತು ದಾಖಲೆ ಒಂದು ಹೆಸರು, ಒಂದೇ ಒಂದು ಇನ್ನೊಂದು ಹೆಸರು ಎಂದಿದ್ದರೆ ಆ ಒಂಟಿ ದಾಖಲೆಯನ್ನು ಸಂಶಯದಿಂದ ನೋಡಿ.

ಆದರೆ ಕೆಲವೊಮ್ಮೆ ಮೂರೂ ಹೆಸರು ಒಂದೇ ಕೀಟದವು. ಹಣ್ಣು ನೊಣ ಬ್ಯಾಕ್ಟ್ರೊಸೆರಾ ಡಾರ್ಸಾಲಿಸ್ ನೋಡಿ. ಪಪಾಯೆ, ಇನ್‌ವಡೆನ್ಸ್ ಎಂದು ಬೇರೆ ಜಾತಿಗಳಾಗಿ ಕರೆಯುತ್ತಿದ್ದವನ್ನು 2015ರಲ್ಲಿ ಡಾರ್ಸಾಲಿಸ್ ಜೊತೆಗೇ ಸೇರಿಸಿದರು. ಹಳೆಯ ದಾಖಲೆಗಳಲ್ಲಿ ಹಳೆಯ ಹೆಸರು ಹಾಗೇ ಉಳಿದಿದೆ. ಅದರ ಹತ್ತಿರದ ನೆಂಟ ಕ್ಯಾರಂಬೋಲೆ ಮಾತ್ರ ಬೇರೆ ಜಾತಿಯಾಗಿಯೇ ಉಳಿಯಿತು. ಇವೆರಡನ್ನು ಸಿಒಐ ಒಂದರಿಂದ ಬೇರೆ ಮಾಡಲು ಹೋಗಬೇಡಿ. ಐಟಿಎಸ್1 ಎಂಬ ನ್ಯೂಕ್ಲಿಯಸ್‌ನ ತುಂಡು ಮತ್ತು ದೇಹದ ಲಕ್ಷಣ ಎರಡೂ ಬೇಕು.

ಲಕ್ಷಣ: ಕೀಟ ನೋಡಲು ಒಂದೇ, ಬಾರ್‌ಕೋಡ್ ಎರಡು ಗುಂಪು

ಹೆಬ್ಬೆರಳ ಲೆಕ್ಕವಾಗಿ ಜನ 2 ಶೇಕಡಾ ವ್ಯತ್ಯಾಸವನ್ನು ಜಾತಿಯ ಗಡಿ ಎನ್ನುತ್ತಾರೆ. ಅದನ್ನು ಕಾನೂನಿನಂತೆ ಹಿಡಿಯಬೇಡಿ. ಬೆಮಿಸಿಯಾ ಟಬಾಸಿಯಲ್ಲಿ 3.5 ಶೇಕಡಾ ಗಡಿ ಇಟ್ಟು ನೋಡಿದಾಗ ಕಣ್ಣಿಗೆ ಒಂದೇ ಕಂಡ ನೊಣ ಹಲವು ಗುಪ್ತ ಜಾತಿಗಳ ಗುಂಪು ಎಂದು ಗೊತ್ತಾಯಿತು. ಅವುಗಳ ಕೀಟನಾಶಕ ನಿರೋಧಕ ಶಕ್ತಿ, ವೈರಸ್ ಹರಡುವ ರೀತಿ ಬೇರೆ ಬೇರೆ. ಅಲ್ಲಿ ಬಾರ್‌ಕೋಡ್ ಹೇಳಿದ್ದು ರೈತರಿಗೆ ನಿಜವಾಗಿ ಬೇಕಾದ ವಿಷಯ.

ಎಲ್ಲ ಕಡೆ ಹಾಗಲ್ಲ. ಮೈಟೊಕಾಂಡ್ರಿಯಾ ತಾಯಿಯಿಂದ ಮಾತ್ರ ಬರುತ್ತದೆ. ತಂದೆ ಬೇರೆ ಜಾತಿಯಾಗಿದ್ದರೆ ಬಾರ್‌ಕೋಡ್‌ಗೆ ಅದು ಕಾಣುವುದೇ ಇಲ್ಲ. ಕಾಯಿಕೊರಕ ಹೆಲಿಕೋವರ್ಪಾ ಆರ್ಮಿಜೆರಾ 2013ರಲ್ಲಿ ಬ್ರೆಜಿಲ್‌ನಲ್ಲಿ ವರದಿಯಾಯಿತು. ಅಲ್ಲಿದ್ದ ಜಿಯಾ ಎಂಬ ಜಾತಿಯ ಜೊತೆ ಅದು ಬೆರೆತಿದೆ ಎಂದು ತಿಳಿದದ್ದು ನ್ಯೂಕ್ಲಿಯಸ್‌ನ ಡಿಎನ್‌ಎ ನೋಡಿದ ಮೇಲೆಯೇ. 2016ರಲ್ಲಿ ಆಫ್ರಿಕಾಕ್ಕೆ, 2018ರಲ್ಲಿ ಭಾರತಕ್ಕೆ ಬಂದ ಸೈನಿಕ ಹುಳು ಸ್ಪೊಡೊಪ್ಟೆರಾ ಫ್ರುಗಿಪರ್ಡಾದಲ್ಲೂ ಹೀಗೇ. ಸಿಒಐ ನೋಡಿ ಭತ್ತದ ತಳಿ, ಜೋಳದ ತಳಿ ಎಂದು ವಿಂಗಡಿಸುತ್ತಾರೆ. ಟಿಪಿಐ ಎಂಬ ನ್ಯೂಕ್ಲಿಯಸ್ ಜೀನ್ ನೋಡಿದರೆ ಅದೇ ಹುಳು ಇನ್ನೊಂದು ತಳಿ ಎನ್ನುತ್ತದೆ. ಈ ಹುಳುವಿನ ಜಾತಿ ಹೇಳಲು ಬಾರ್‌ಕೋಡ್ ಸಾಕು. ತಳಿ, ಮಿಶ್ರತಳಿ, ಬಂದ ದಾರಿ ಹೇಳಲು ಸಾಲದು.

ವುಲ್ಬಾಕಿಯಾ ಸೋಂಕು ಕೂಡ ಒಂದು ಮೈಟೊಕಾಂಡ್ರಿಯಾ ಬಗೆಯನ್ನು ಇಡೀ ಗುಂಪಿಗೆ ಹರಡಿ ಜಾತಿಗಳ ಗಡಿ ಅಳಿಸಬಹುದು. ಬಾರ್‌ಕೋಡ್ ಗುಂಪಿಗೂ ದೇಹದ ಲಕ್ಷಣಕ್ಕೂ ತಾಳೆಯಾಗದಿದ್ದಾಗ ಎರಡನೆಯ ಜೀನ್ ಒಂದನ್ನು ಓದಿಸದೆ ತೀರ್ಪು ಕೊಡಬೇಡಿ.

ಮೈ ಮೇಲೆ ಎಚ್ಚರ ಇರಲಿ

ಎಥನಾಲ್ ಬೇಗ ಹೊತ್ತಿಕೊಳ್ಳುತ್ತದೆ. ಚಿಮಟವನ್ನು ಜ್ವಾಲೆಯಲ್ಲಿ ಸುಡುವಾಗ ತೆರೆದ ಸೀಸೆ ಪಕ್ಕದಲ್ಲಿರಬಾರದು. ಜೆಲ್‌ಗೆ ಬಳಸುವ ಎಥಿಡಿಯಂ ಬ್ರೋಮೈಡ್ ಡಿಎನ್‌ಎಗೆ ಅಂಟುವ ವಸ್ತು, ನಮ್ಮ ಡಿಎನ್‌ಎಗೂ ಅಂಟುತ್ತದೆ. ನೈಟ್ರೈಲ್ ಕೈಗವಸು ಹಾಕಿ, ತ್ಯಾಜ್ಯ ಬೇರೆ ಇಡಿ. ಯುವಿ ಪೆಟ್ಟಿಗೆ ನೋಡುವಾಗ ಮುಖಕ್ಕೆ ತಡೆ ಇರಲಿ, ಕ್ಷಣದಲ್ಲೇ ಕಣ್ಣು ಸುಡಬಹುದು. ಮೈಕ್ರೋವೇವ್‌ನಿಂದ ತೆಗೆದ ಅಗರೋಸ್ ಅಲುಗಿಸಿದ ತಕ್ಷಣ ಉಕ್ಕಿ ಕೈ ಸುಡುತ್ತದೆ. ಫೀನಾಲ್–ಕ್ಲೋರೋಫಾರ್ಮ್ ವಿಧಾನವನ್ನು ಫ್ಯೂಮ್ ಹುಡ್ ಇಲ್ಲದ ಕಡೆ ಮಾಡಲೇಬೇಡಿ.

ಯಾವಾಗ ನಿಲ್ಲಿಸಿ ಬೇರೆಯವರನ್ನು ಕರೆಯಬೇಕು

ನಿಮ್ಮ ಪ್ರದೇಶದಲ್ಲಿ ಈವರೆಗೆ ಇಲ್ಲದ ಕೀಟದ ಹೆಸರು ಬಂದರೆ ಅಲ್ಲಿಗೆ ನಿಲ್ಲಿ. ಜೀವಂತ ಹುಳುಗಳನ್ನು ಬೇರೆ ಊರಿಗೆ, ಬೇರೆ ಪ್ರಯೋಗಾಲಯಕ್ಕೆ ಒಯ್ಯಬೇಡಿ. ಸಾಯಿಸಿ ಎಥನಾಲ್‌ಗೆ ಹಾಕಿ. ಸುದ್ದಿ ಹರಡುವ ಮುಂಚೆ ಎರಡನೆಯ ಕೀಟದಿಂದ, ಸಾಧ್ಯವಾದರೆ ಬೇರೆ ಕೈಯಿಂದ, ಮೊದಲಿನಿಂದ ಎಲ್ಲ ಮತ್ತೆ ಮಾಡಿಸಿ. ಇದಕ್ಕೆ ವಾರಗಟ್ಟಲೆ ಕಾಯಬೇಡಿ. ಸಸ್ಯ ಸಂರಕ್ಷಣೆ ಮತ್ತು ಕ್ವಾರಂಟೈನ್ ಅಧಿಕಾರಿಗಳಿಗೆ ಅನುಮಾನ ಇದೆ ಎಂದೇ ತಿಳಿಸಬಹುದು. ಒಂದು ಹೆಸರಿನಿಂದ ಬೆಳೆಯ ಸಾಗಣೆ, ರಫ್ತು ನಿಲ್ಲಬಹುದು. ಅಷ್ಟು ತೂಕದ ಮಾತಿಗೆ 658 ಅಕ್ಷರವೊಂದೇ ಆಧಾರ ಸಾಲದು. ವರ್ಗೀಕರಣ ತಜ್ಞರು ದೇಹ ನೋಡಿ ಒಪ್ಪಬೇಕು. ಪತಂಗಗಳಲ್ಲಿ ಗಂಡಿನ ಜನನಾಂಗದ ರಚನೆ ನೋಡಿದ ಮೇಲೆಯೇ ಅವರು ಹೂಂ ಎನ್ನುವುದು ಜಾಸ್ತಿ.

ತಜ್ಞರಿಗೆ ಕಳಿಸುವಾಗ ಡಿಎನ್‌ಎ ತೆಗೆದ ಅದೇ ಕೀಟದ ದೇಹ, ಅದೇ ಗುಂಪಿನ ಇನ್ನೂ ಕೆಲವು ಕೀಟಗಳು, ಎರಡೂ ದಿಕ್ಕಿನ ಪೀಕ್ ಕಡತ, ಜೆಲ್‌ನ ಚಿತ್ರ, ಬಳಸಿದ ಪ್ರೈಮರ್‌ಗಳ ಹೆಸರು ಒಟ್ಟಿಗೆ ಇರಲಿ. ಹುಳು ಜಾಸ್ತಿ ಸಿಕ್ಕಿದ್ದರೆ ಕೆಲವನ್ನು ಸಿಕ್ಕ ಜಾಗದಲ್ಲೇ ಮುಚ್ಚಿದ ಡಬ್ಬಿಯಲ್ಲಿ ಪತಂಗವಾಗುವವರೆಗೆ ಸಾಕಿ, ಅದಕ್ಕೂ ಮೊದಲು ಅಧಿಕಾರಿಗಳ ಒಪ್ಪಿಗೆ ಕೇಳಿ. ಯಾವ ಗಿಡದ ಯಾವ ಭಾಗದಲ್ಲಿ, ಯಾವ ದಿನ, ಯಾವ ಜಾಗದಲ್ಲಿ, ಯಾರು ಹಿಡಿದದ್ದು ಎಂಬ ಲೇಬಲ್ ಸೀಸೆಯ ಒಳಗೇ ಇರಬೇಕು. ಅದನ್ನು ಪೆನ್ಸಿಲ್‌ನಲ್ಲಿ ಬರೆಯಿರಿ, ಬಾಲ್‌ಪೆನ್ನಿನ ಶಾಯಿ ಎಥನಾಲ್‌ನಲ್ಲಿ ಕರಗಿಹೋಗುತ್ತದೆ.